ಕೊಳವೆಯ ಬಾಯಲ್ಲಿ ಬದುಕಿದ ಮೀನು ಕೆಳಗೇಕೆ ಸಾಯುತ್ತದೆ?

ಪ್ರಶ್ನೆ: ಒಳಚರಂಡಿ ಕೊಳವೆ ಹೊಳೆಗೆ ಬೀಳುವ ಜಾಗದಲ್ಲಿ ಮೀನುಗಳು ಓಡಾಡಿಕೊಂಡಿವೆ. ನಾಲ್ಕು ಕಿಲೋಮೀಟರ್ ಕೆಳಗೆ ಮಾತ್ರ ಬೆಳಗಿನ ಜಾವ ಸತ್ತು ತೇಲುತ್ತವೆ. ಹರಿದಷ್ಟೂ ನೀರು ತಿಳಿಯಾಗಬೇಕಲ್ಲವೇ? ಯಾರಾದರೂ ವಿಷ ಹಾಕಿರಬಹುದೇ?

ಉತ್ತರ: ಪರೀಕ್ಷೆ ಮಾಡದೆ ವಿಷವಿಲ್ಲ ಎನ್ನಲಾರೆ. ಆದರೆ ‘ನಾಲ್ಕು ಕಿಲೋಮೀಟರ್ ಕೆಳಗೆ’, ‘ಬೆಳಗಿನ ಜಾವ’ ಎಂದು ಬರೆದಿದ್ದೀರಲ್ಲ, ಅದನ್ನು ಓದಿದಾಗ ಮೀನುಗಳಿಗೆ ಉಸಿರು ಕಟ್ಟಿದೆ ಎಂದೇ ನನಗೆ ಅನಿಸಿತು.

25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ತಿಳಿನೀರು ಗಾಳಿಯಿಂದ ಹೀರಿ ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ, ಅಷ್ಟೇ. ಕೊಳಚೆ ಬಿದ್ದ ಗಳಿಗೆಯಲ್ಲೇ ಅದು ಖಾಲಿಯಾಗುವುದಿಲ್ಲ. ಕೊಳಚೆ ತಿನ್ನುವ ಬ್ಯಾಕ್ಟೀರಿಯಾಗಳು ಬೆಳೆದು, ಉಂಡು, ಉಸಿರಾಡಲು ಹೊತ್ತು ಬೇಕು. ಅಷ್ಟರಲ್ಲಿ ನೀರು ಮುಂದೆ ಸಾಗಿರುತ್ತದೆ. ಅಮೆರಿಕದ ಓಹಿಯೋ ನದಿಯನ್ನು ಅಭ್ಯಾಸ ಮಾಡಿದ ಸ್ಟ್ರೀಟರ್ ಮತ್ತು ಫೆಲ್ಪ್ಸ್ 1925ರಲ್ಲೇ ಇದನ್ನು ಲೆಕ್ಕಕ್ಕೆ ಇಳಿಸಿದರು: ನೀರಿನ ಆಮ್ಲಜನಕದ ಮಟ್ಟ ತೋರಿಸುವ ಗೆರೆ ಜೋತುಬಿದ್ದ ಹಗ್ಗದಂತೆ ಇಳಿದು, ತೀರಾ ತಗ್ಗು ಮುಟ್ಟಿ, ಬಹಳ ದೂರ ಹೋದಮೇಲೆ ಏಳುತ್ತದೆ. ನಿಮ್ಮ ಮೀನುಗಳು ಸಾಯುತ್ತಿರುವುದು ಆ ತಗ್ಗಿನಲ್ಲಿರಬೇಕು. ರಾತ್ರಿ ಬಿಸಿಲಿಲ್ಲದೆ ಪಾಚಿಯೂ ಆಮ್ಲಜನಕ ಕೊಡುವುದಿಲ್ಲ, ತಾನೂ ಅದನ್ನೇ ಬಳಸುತ್ತದೆ. ಹಾಗಾಗಿ ನಸುಕು ಅತಿ ಕೆಟ್ಟ ಹೊತ್ತು.

ಹತ್ತೊಂಬತ್ತು ವರ್ಷ ನೀರಿನ ಮಾದರಿ ತೆಗೆದವಳು ನಾನು. ಗಾಳಿಗುಳ್ಳೆ ಉಳಿಯದಂತೆ ಬಾಟಲಿ ತುಂಬಿ, ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರ ಬೆರೆತ ಅಯೋಡೈಡ್ ಹಾಕಿ, ಬಿರಡೆ ಒತ್ತಿ ತಿರುವುತ್ತೇವೆ. ಆಮ್ಲಜನಕವಿದ್ದರೆ ಕಂದು ಗಸಿ ಇಳಿಯುತ್ತದೆ. ಒಮ್ಮೆ ಹೀಗೇ ಮೀನು ಸತ್ತಿದ್ದ ಕಡೆ ಟಾರ್ಚ್ ಬೆಳಕಿನಲ್ಲಿ ಬಾಟಲಿ ಎತ್ತಿ ನೋಡಿದೆ: ಗಸಿ ಹಾಲಿನಷ್ಟು ಬೆಳ್ಳಗಿತ್ತು. ಆ ನೀರಿನಲ್ಲಿ ಉಸಿರೇ ಇರಲಿಲ್ಲ. ಹಿಂದಿನ ಮಧ್ಯಾಹ್ನ ಕೊಳವೆಯ ಪಕ್ಕದಲ್ಲೇ ತೆಗೆದ ಮಾದರಿಯನ್ನು ನಂಬಿ ‘ನೀರು ಚೆನ್ನಾಗಿದೆ’ ಎಂದು ವರದಿ ಬರೆದಾಗಿತ್ತು. ಅದು ಇಂದಿಗೂ ನನ್ನನ್ನು ಕಾಡುತ್ತದೆ.

ಕೊಳವೆಯ ಬಾಯನ್ನು ಇನ್ನಷ್ಟು ಕೆಳಕ್ಕೆ ಒಯ್ದರಾಯಿತು ಎನ್ನುವವರ ಮಾತಿಗೆ ದಯವಿಟ್ಟು ಒಪ್ಪಬೇಡಿ. ತಗ್ಗೂ ಅದರ ಜೊತೆಗೇ ಕೆಳಗೆ ಸರಿಯುತ್ತದೆ, ಅಲ್ಲಿಯೂ ಜನರಿದ್ದಾರೆ. 1858ರ ಬೇಸಿಗೆಯಲ್ಲಿ ಕೊಳಚೆ ತುಂಬಿದ ಥೇಮ್ಸ್ ನದಿ ದುರ್ನಾತ ಬೀರಿದ ನಂತರ ಲಂಡನ್ ಮಾಡಿದ್ದು ಇದನ್ನೇ. ನದಿ ನಗರದೊಳಗೆ ತಿಳಿಯಾಯಿತು, ಕೆಳಗೆ ಕೊಳೆಯಿತು. ಕೊಳಚೆ ಹೊಳೆ ಸೇರುವ ಮುಂಚೆಯೇ ಬ್ಯಾಕ್ಟೀರಿಯಾಗಳಿಗೆ ತೊಟ್ಟಿಯಲ್ಲಿ ಗಾಳಿ ಊದಿ ಉಣಿಸಬೇಕು.

ಸದ್ಯಕ್ಕೆ ಕೊಳವೆಗಿಂತ ಹೊಳೆಯ ಮೇಲ್ಭಾಗದಲ್ಲೊಂದು, ಕೆಳಗೆ ಪ್ರತಿ ಕಿಲೋಮೀಟರಿಗೊಂದು ಕಡೆ, ಸೂರ್ಯ ಏಳುವ ಮೊದಲೇ ಮಾದರಿ ತೆಗೆಯಿರಿ ಎಂದು ಲಿಖಿತವಾಗಿ ಕೇಳಿ. ಅಷ್ಟರಲ್ಲಿ ನೀವೂ ದಡದಲ್ಲಿನ ಕಲ್ಲುಗಳನ್ನು ಮಗುಚಿ ನೋಡಿ. ಕೊಳಚೆಯ ಗುರುತಾದ ಬೂದುಬಣ್ಣದ ಹತ್ತಿಯಂಥ ಲೋಳೆ, ಕೆಸರಲ್ಲಿ ಕೆಂಪು ಎಳೆಹುಳುಗಳು ಕಂಡರೆ ಜಾಗ, ತಾರೀಖು, ಹೊತ್ತು ಬರೆದಿಟ್ಟುಕೊಳ್ಳಿ.