ಪೆಟ್ಟಿಗೆಗೆ ಗೀರೂ ಬಿದ್ದಿರಲಿಲ್ಲ, ಒಳಗೆ ತಟ್ಟೆ ಬಾಗಿತ್ತು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಬಳಿ 22 ಕಿಲೋ ತೂಗುವ ಹಳೆಯ ವಾಲ್ವ್ (ಗಾಜಿನ ನಿರ್ವಾತ ನಳಿಕೆ) ಆಂಪ್ಲಿಫೈಯರ್ ಇದ್ದು, ಅದನ್ನು ದೂರದಲ್ಲಿರುವ ತಂಗಿಗೆ ಕೊರಿಯರ್ ಮೂಲಕ ಕಳುಹಿಸಬೇಕಾಗಿದೆ. ಹಿಂದೊಮ್ಮೆ ಇಂಥದ್ದೇ ಉಪಕರಣವನ್ನು ಬಬಲ್ ರ‍್ಯಾಪ್‌ನಿಂದ ನಾಲ್ಕೈದು ಸುತ್ತು ಸುತ್ತಿ, ಸುತ್ತಲೂ ಥರ್ಮೋಕೋಲ್ ಚೂರುಗಳನ್ನು ತುಂಬಿ ಕಳುಹಿಸಿದ್ದೆ. ತಲುಪಿದಾಗ ಪೆಟ್ಟಿಗೆಯ ಮೇಲೆ ಗೀರೂ ಇರಲಿಲ್ಲ. ತೆರೆದರೆ ಟ್ರಾನ್ಸ್‌ಫಾರ್ಮರ್ ಕೂರಿಸಿದ್ದ ಲೋಹದ ತಟ್ಟೆ ಬಾಗಿತ್ತು, ಎರಡು ವಾಲ್ವ್‌ಗಳು ಒಡೆದಿದ್ದವು. ನಾನು ತಪ್ಪಿದ್ದೆಲ್ಲಿ?

ಉತ್ತರ: ನಿಮ್ಮ ಉಪಕರಣವನ್ನು ಮುರಿದದ್ದು ಅದರ ಒಳಗಿನ ಭಾರವೇ. ಬೀಳುವ ಪೆಟ್ಟಿಗೆ ನೆಲಕ್ಕೆ ತಾಗಿ ಥಟ್ಟನೆ ನಿಂತರೂ ಒಳಗಿನ ಟ್ರಾನ್ಸ್‌ಫಾರ್ಮರ್ ಕೆಳಮುಖವಾಗಿ ಚಲಿಸಲು ಹವಣಿಸುತ್ತಲೇ ಇರುತ್ತದೆ, ಮತ್ತು ಅದನ್ನು ತಡೆದು ನಿಲ್ಲಿಸುವ ಹೊಣೆಯೆಲ್ಲ ನಾಲ್ಕು ತಿರುಪುಗಳ ಮೇಲೂ ತೆಳುವಾದ ತಗಡಿನ ಮೇಲೂ ಬೀಳುತ್ತದೆ. 46 ಸೆಂ.ಮೀ. ಎತ್ತರದಿಂದ, ಅಂದರೆ ಸುಮಾರು ಮೊಣಕಾಲಿನ ಮಟ್ಟದಿಂದ ಬಿದ್ದ ವಸ್ತು 1 ಸೆಂ.ಮೀ. ಅಂತರದಲ್ಲಿ ನಿಂತರೆ, ಅದರ ಮೇಲೆ ಸರಾಸರಿ ತನ್ನ ತೂಕದ 46 ಪಟ್ಟಿಗೂ ಮಿಗಿಲಾದ ಒತ್ತಡ ಉಂಟಾಗುತ್ತದೆ. 6 ಕಿಲೋ ಟ್ರಾನ್ಸ್‌ಫಾರ್ಮರ್ ಆ ಕ್ಷಣಕ್ಕೆ 276 ಕಿಲೋ ಭಾರದಂತೆ ತಗಡನ್ನು ಎಳೆಯುತ್ತದೆ. ಅದೇ ವಸ್ತು 3 ಸೆಂ.ಮೀ. ಅಂತರದಲ್ಲಿ ನಿಧಾನವಾಗಿ ನಿಂತರೆ ಎಳೆತ ಮೂರನೇ ಒಂದು ಭಾಗದಷ್ಟಕ್ಕೆ ಇಳಿಯುತ್ತದೆ. ಆದ್ದರಿಂದ ಪ್ಯಾಕಿಂಗ್ ಮಾಡುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಬಿದ್ದರೆ ಇದು ಎಷ್ಟು ದೂರದಲ್ಲಿ ನಿಲ್ಲುತ್ತದೆ?

ನೀವು ಬಳಸಿದ ಎರಡೂ ಸಾಮಗ್ರಿಗಳು ಹಗುರ ವಸ್ತುಗಳಿಗೆ ಸರಿಯಾದವು, ಇಂಥ ಭಾರಕ್ಕೆ ಅಲ್ಲ. 22 ಕಿಲೋ ತೂಕದ ಕೆಳಗೆ ಬಬಲ್ ರ‍್ಯಾಪ್‌ನ ಗುಳ್ಳೆಗಳು ಒಡೆದುಹೋಗುತ್ತವೆ. ಬಿಡಿ ಚೂರುಗಳಂತೂ ದಾರಿಯುದ್ದಕ್ಕೂ ಕುಲುಕಾಡುತ್ತಾ ಪಕ್ಕಕ್ಕೆ ಸರಿದು, ಉಪಕರಣ ಮೆಲ್ಲಮೆಲ್ಲನೆ ಪೆಟ್ಟಿಗೆಯ ತಳ ಸೇರುತ್ತದೆ. ಅನಂತರ ಮೆತ್ತೆಯೇ ಇಲ್ಲದಂತಾಗುತ್ತದೆ. ಇದಕ್ಕೆ ಬೇಕಾದದ್ದು ಪಾಲಿಎಥಿಲೀನ್ ಫೋಮ್‌ನ ಹಲಗೆಗಳು. ಅದು ಒತ್ತಿದರೆ ಕುಗ್ಗಿ ಮತ್ತೆ ತನ್ನ ದಪ್ಪಕ್ಕೆ ಮರಳುವುದರಿಂದ ಎರಡನೆಯ, ಮೂರನೆಯ ಬೀಳುವಿಕೆಯನ್ನೂ ತಾಳುತ್ತದೆ. ಥರ್ಮೋಕೋಲ್ ಒಮ್ಮೆ ನಜ್ಜುಗುಜ್ಜಾದರೆ ಬಹುಪಾಲು ಹಾಗೆಯೇ ಉಳಿಯುತ್ತದೆ. ಫೋಮ್ ತನ್ನ ದಪ್ಪದ ಅರ್ಧದಷ್ಟು ಮಾತ್ರ ಕುಗ್ಗುತ್ತದೆಂದು ಲೆಕ್ಕ ಹಾಕಿ, 3 ಸೆಂ.ಮೀ. ಅಂತರ ಬೇಕಿದ್ದರೆ 6 ಸೆಂ.ಮೀ. ದಪ್ಪವನ್ನು ಆರೂ ಬದಿಗೆ ಇಡಿ. ತೀರ ಮೃದುವಾದ ಫೋಮ್ ಉಪಕರಣದ ಭಾರಕ್ಕೇ ಚಪ್ಪಟೆಯಾಗುತ್ತದೆ, ತೀರ ಗಟ್ಟಿಯಾದದ್ದು ಬಿದ್ದಾಗಲೂ ಮಣಿಯುವುದಿಲ್ಲ. ಉಪಕರಣವನ್ನು ಅದರ ಮೇಲೆ ಕೂರಿಸಿದಾಗ ಸ್ವಲ್ಪವೇ ತಗ್ಗಿ, ಕೈಯಿಂದ ಬಲವಾಗಿ ಒತ್ತಿದಾಗ ಇನ್ನಷ್ಟು ತಗ್ಗುವಂತಿದ್ದರೆ ಆಯ್ಕೆ ಸರಿಯಾಗಿದೆ ಎನ್ನಬಹುದು.

ಇದಕ್ಕೂ ಮೊದಲು ಆಗಬೇಕಾದ ಕೆಲಸವೊಂದಿದೆ, ಹೆಚ್ಚಿನವರು ಬಿಡುವುದು ಇದನ್ನೇ. ವಾಲ್ವ್‌ಗಳನ್ನು ತಣ್ಣಗಾದ ಮೇಲೆ ಬಿಚ್ಚಿ, ಯಾವುದು ಯಾವ ಸಾಕೆಟ್‌ನದೆಂದು ಗುರುತು ಹಾಕಿ, ಒಂದೊಂದನ್ನೂ ಪ್ರತ್ಯೇಕವಾಗಿ ಸುತ್ತಿ ಬೇರೆಯೇ ಡಬ್ಬಿಯಲ್ಲಿ ಇಡಿ. ಕೈಯಿಂದ ಎಳೆದರೆ ಬರುವ ಗುಬುಟುಗಳನ್ನೂ ತೆಗೆಯಿರಿ, ಏಕೆಂದರೆ ಮುಂಭಾಗಕ್ಕೆ ಬಿದ್ದ ಪೆಟ್ಟು ಗುಬುಟಿನ ಮೂಲಕ ನೇರವಾಗಿ ಒಳಗಿನ ನಿಯಂತ್ರಕದ ದಂಡಕ್ಕೆ ತಲುಪುತ್ತದೆ. ಕಂಪ್ಯೂಟರ್ ಕಳುಹಿಸುವವರು ಇದೇ ರೀತಿ ಭಾರದ ಗ್ರಾಫಿಕ್ಸ್ ಕಾರ್ಡನ್ನೂ ಎತ್ತರದ ಕೂಲರನ್ನೂ ಕಳಚಬೇಕು. ಬಿಚ್ಚಿದ ಕಾರ್ಡನ್ನು ಸಾಮಾನ್ಯ ಪ್ಲಾಸ್ಟಿಕ್‌ನಲ್ಲಿ ಸುತ್ತದೆ, ಸ್ಥಾಯಿವಿದ್ಯುತ್ ತಡೆಯುವ ಚೀಲದಲ್ಲಿಯೇ ಇಡಬೇಕು.

ಈಗ ಪೆಟ್ಟಿಗೆಯ ವಿಷಯ. ಎರಡು ಪದರದ ರಟ್ಟಿನ ಎರಡು ಪೆಟ್ಟಿಗೆಗಳು ಬೇಕು: ಒಳಗಿನದರಲ್ಲಿ ಉಪಕರಣ ಅಲುಗಾಡದಂತೆ ಬಿಗಿಯಾಗಿ ಕೂರಬೇಕು, ಒಳಗಿನ ಮತ್ತು ಹೊರಗಿನ ಪೆಟ್ಟಿಗೆಗಳ ನಡುವೆ ಆ 6 ಸೆಂ.ಮೀ. ಫೋಮ್ ಇರಬೇಕು. ತೇವ ಕಂಡ ಅಥವಾ ಹಲವು ಬಾರಿ ಬಳಸಿದ ರಟ್ಟು ತನ್ನ ಬಲ ಕಳೆದುಕೊಂಡಿರುವುದರಿಂದ ಹೊರಗಿನ ಪೆಟ್ಟಿಗೆಯಾದರೂ ಹೊಸದಾಗಿರಲಿ. ಟೇಪನ್ನು ನಡುವಿನ ಸೀಳಿಗೆ ಮಾತ್ರವಲ್ಲದೆ ಎರಡೂ ಅಂಚುಗಳಿಗೆ, ಮೇಲೂ ಕೆಳಗೂ ಹಚ್ಚಿ. ಮುಗಿದ ಮೇಲೆ ಪೆಟ್ಟಿಗೆಯನ್ನು ಎತ್ತಿ ಮೆಲ್ಲಗೆ ಅಲುಗಾಡಿಸಿ. ಒಳಗೆ ಏನಾದರೂ ಸರಿದ ಅನುಭವವಾದರೆ ದಯವಿಟ್ಟು ಮತ್ತೆ ಬಿಚ್ಚಿ ಸರಿಪಡಿಸಿ. ಒಡೆಯುವ ವಸ್ತುವೆಂದು ಸೂಚಿಸುವ ಮಧುಪಾತ್ರೆಯ ಚಿತ್ರವನ್ನೂ ಮೇಲ್ಮುಖದ ಬಾಣಗಳನ್ನೂ ಅಂಟಿಸಬಹುದು, ಆದರೆ ಪೆಟ್ಟಿಗೆ ತಲೆಕೆಳಗಾಗಿ ಪ್ರಯಾಣಿಸಿದರೂ ತಾಳುವಂತೆಯೇ ಕಟ್ಟಿರಬೇಕು.

ಪ್ರಶ್ನೆ: ಇಷ್ಟೆಲ್ಲ ಮಾಡುವ ಬದಲು ಮರದ ಪೆಟ್ಟಿಗೆ ಮಾಡಿಸಿದರೆ ಸಾಲದೇ?

ಉತ್ತರ: ಸಾಲದು. ಮೇಲೆ ಹೇರಿದ ಭಾರವನ್ನೂ ಚೂಪಾದ ಮೂಲೆಗಳ ಇರಿತವನ್ನೂ ಮರ ತಡೆಯುತ್ತದೆ. ಆದರೆ ಅದು ಮಣಿಯದ ವಸ್ತುವಾದ್ದರಿಂದ ಬಿದ್ದಾಗಿನ ಆಘಾತವನ್ನು ಹಾಗೆಯೇ ಒಳಕ್ಕೆ ದಾಟಿಸುತ್ತದೆ. ಫೋಮ್ ಅಲ್ಲಿಯೂ ಬೇಕು. ಸುಮಾರು 40 ಕಿಲೋ ಮೀರಿದ ಉಪಕರಣಕ್ಕೆ ಮರವನ್ನೇ ಆರಿಸುವುದು ಒಳ್ಳೆಯದೆಂದು ನಾನು ಭಾವಿಸುತ್ತೇನೆ. ವಿದೇಶಕ್ಕೆ ಹೋಗುವ ಅಖಂಡ ಮರದ ಪೆಟ್ಟಿಗೆಗಳನ್ನು ಕೀಟಗಳ ಹರಡುವಿಕೆ ತಡೆಯಲು ಸಂಸ್ಕರಿಸಿ ಮುದ್ರೆ ಹಾಕಿಸಬೇಕಾಗುತ್ತದೆ. ಶಾಖದಿಂದ ಸಂಸ್ಕರಿಸುವುದಾದರೆ ಮರದ ತಿರುಳು ಕನಿಷ್ಠ 30 ನಿಮಿಷ 56 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಪ್ಲೈವುಡ್‌ಗೆ ಈ ಕಟ್ಟಳೆಯಿಂದ ವಿನಾಯಿತಿ ಇದೆ.

ಪ್ರಶ್ನೆ: ಯುಪಿಎಸ್ ಅನ್ನು ಬ್ಯಾಟರಿ ಸಮೇತ ಕಳುಹಿಸಬಹುದೇ?

ಉತ್ತರ: ಬೇಡ. ಸೀಸದ ಬ್ಯಾಟರಿ ಆ ಪೆಟ್ಟಿಗೆಯೊಳಗಿನ ಅತಿ ಭಾರದ ವಸ್ತುಗಳಲ್ಲೊಂದು. ಸಡಿಲಗೊಂಡರೆ ಸರ್ಕ್ಯೂಟ್ ಬೋರ್ಡನ್ನು ಜಜ್ಜುತ್ತದೆ, ತಂತಿಗಳು ತಾಗಿದರೆ ಬೆಂಕಿಗೂ ಕಾರಣವಾಗಬಹುದು. ಅದನ್ನು ಹೊರತೆಗೆದು, ಎರಡೂ ಧ್ರುವಗಳನ್ನು ಟೇಪಿನಿಂದ ಮುಚ್ಚಿ, ಬ್ಯಾಟರಿ ಸಾಗಿಸಲು ಒಪ್ಪುವ ಸೇವೆಯ ಮೂಲಕ ಬೇರೆಯಾಗಿ ಕಳುಹಿಸಿ. ತಲುಪಿದ ಉಪಕರಣ ತಣ್ಣಗಿದ್ದರೆ ಒಳಗೆ ತೇವ ಕಟ್ಟಿರಬಹುದು, ಹಾಗಾಗಿ ಕೆಲವು ಗಂಟೆ ಕೋಣೆಯ ಉಷ್ಣತೆಯಲ್ಲಿ ಬಿಟ್ಟ ನಂತರವೇ ಬ್ಯಾಟರಿ ಜೋಡಿಸಿ ಸ್ವಿಚ್ ಹಾಕುವಂತೆ ಪಡೆಯುವವರಿಗೆ ತಿಳಿಸಿ.