ಬಾಲನಟನಾಗಿದ್ದವನು ಹಾಸ್ಯ ಪಾತ್ರ ಒಪ್ಪಿಕೊಂಡರೆ ಮುಂದೆ ನಾಯಕನಾಗುವ ದಾರಿ ಮುಚ್ಚಿಹೋಗುತ್ತದೆಯೇ?

ನಿಮಗೆ 21 ವರ್ಷ, ಎಂಟರಿಂದ ಹದಿನೈದರವರೆಗೆ ಬಾಲನಟನಾಗಿದ್ದಿರಿ, ಈಗ ಒಂದು ಹಾಸ್ಯ ಪಾತ್ರ ಬಂದಿದೆ. ಅದನ್ನು ಒಪ್ಪುವುದೋ, ನಾಯಕನ ಅವಕಾಶಕ್ಕೆ ಕಾಯುವುದೋ, ಇಲ್ಲವೇ ಅಪ್ಪ ಹೇಳುವಂತೆ ಸೈಟು ಮಾರಿ ನೀವೇ ಒಂದು ಚಿತ್ರ ನಿರ್ಮಿಸುವುದೋ ಎಂದು ಕೇಳಿದ್ದೀರಿ. ಈ ಮೂರನ್ನೂ ನಾನು ಮಾಡಿದ್ದೇನೆ. ಕಾಯುವುದರಲ್ಲಿ ಆರು ವರ್ಷ ಕಳೆದೆ, ಹಾಸ್ಯದಲ್ಲಿ ಬದುಕು ಕಟ್ಟಿಕೊಂಡೆ, ನಿರ್ಮಾಣದಲ್ಲಿ ಒಂದೇ ಒಂದು ಸಹಿಯಿಂದ ಕೈಗೆ ಬಂದದ್ದನ್ನು ಕಳೆದುಕೊಂಡೆ.

ನಾನು ಮೊದಲ ಬಾರಿ ಕ್ಯಾಮೆರಾ ಮುಂದೆ ನಿಂತದ್ದು 1987ರಲ್ಲಿ, ಏಳನೆಯ ವಯಸ್ಸಿನಲ್ಲಿ. ನಮ್ಮೂರಿನ ಬಸ್ಸಿನ ಕಂಡಕ್ಟರರ ಧ್ವನಿಯನ್ನು ಅನುಕರಿಸುತ್ತಿದ್ದೆ ಎನ್ನುವ ಒಂದೇ ಕಾರಣಕ್ಕೆ ನನ್ನನ್ನು ಆರಿಸಿದ್ದರು. ನಾಯಕರ ಎದೆಯ ಮಟ್ಟಕ್ಕೆ ಬರಲೆಂದು ನನ್ನನ್ನು ಮರದ ಪೆಟ್ಟಿಗೆಯ ಮೇಲೆ ನಿಲ್ಲಿಸುತ್ತಿದ್ದರು. ಬೆಳಕು ಹೊಂದಿಸುವಷ್ಟು ಹೊತ್ತು ಅಲುಗಾಡದೆ ನಿಲ್ಲುವುದೇ ನಾನು ಕಲಿತ ಮೊದಲ ಪಾಠ. ಶೂಟಿಂಗ್ ಮುಗಿದ ಮೇಲೆ ಪ್ರೊಡಕ್ಷನ್ ಮ್ಯಾನೇಜರ್ ತರುತ್ತಿದ್ದ ವೋಚರಿಗೆ ಅಪ್ಪ ಸಹಿ ಹಾಕುತ್ತಿದ್ದರು. ಅಷ್ಟು ಹೊತ್ತಿಗೆ ನಾನು ಕಾರಿನ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿರುತ್ತಿದ್ದೆ. ಈ ವಿವರವನ್ನು ನೆನಪಿಟ್ಟುಕೊಳ್ಳಿ, ನನ್ನ ಮುಂದಿನ ಕಥೆಯೆಲ್ಲ ಅದಕ್ಕೇ ಬಂದು ಸೇರುತ್ತದೆ.

ಹದಿನಾಲ್ಕನೆಯ ವಯಸ್ಸಿನಲ್ಲಿ ನನ್ನ ಧ್ವನಿ ಒಡೆಯಿತು. ಡಬ್ಬಿಂಗ್ ಥಿಯೇಟರಿನಲ್ಲಿ ಮೈಕಿನ ಮುಂದೆ ನಿಂತು ಒಂದೇ ವಾಕ್ಯವನ್ನು ಹನ್ನೊಂದು ಸಲ ಹೇಳಿದೆ. ಒಮ್ಮೆ ಕೀರಲು, ಒಮ್ಮೆ ಗೊಗ್ಗರು. ಧ್ವನಿಗ್ರಾಹಕರು ಬಿಸಿನೀರು ತರಿಸಿಕೊಟ್ಟು, ನನ್ನ ತಲೆ ಸವರಿ, ಮನೆಗೆ ಹೋಗಿ ವಿಶ್ರಾಂತಿ ತೆಗೆದುಕೊಳ್ಳಲು ಹೇಳಿದರು. ಮಾರನೆಯ ದಿನ ಮಕ್ಕಳ ದನಿ ಕೊಡುವುದರಲ್ಲಿ ಪಳಗಿದ್ದ ಒಬ್ಬ ಅಮ್ಮ ಬಂದು ನನ್ನ ಪಾತ್ರದ ಮಾತುಗಳನ್ನೆಲ್ಲ ಮುಗಿಸಿಕೊಟ್ಟರಂತೆ. ಚಿತ್ರ ನೋಡಿದಾಗಲೇ ನನಗೆ ಅದು ಗೊತ್ತಾದದ್ದು. ತೆರೆಯ ಮೇಲೆ ನನ್ನ ತುಟಿ ಅಲುಗುತ್ತಿತ್ತು, ಮಾತು ನನ್ನದಾಗಿರಲಿಲ್ಲ. ಆಮೇಲೆ ಕರೆಗಳು ನಿಂತವು. ಹದಿನಾರರಿಂದ ಇಪ್ಪತ್ತೆರಡರವರೆಗೆ ನಾಯಕನ ಪಾತ್ರ ಬರುತ್ತದೆಂದು ಕಾದೆ, ಚಿಕ್ಕಪುಟ್ಟ ಪಾತ್ರಗಳನ್ನು ಬೇಡವೆಂದೆ.

ನೀವು ಪುನೀತ್ ರಾಜ್‌ಕುಮಾರ್ ಅವರ ಉದಾಹರಣೆ ಕೊಟ್ಟಿದ್ದೀರಿ. ‘ಬೆಟ್ಟದ ಹೂವು’ 1985ರದು, ಅದಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿತ್ತು. ನಾಯಕನಾಗಿ ‘ಅಪ್ಪು’ ಬಂದದ್ದು 2002ರಲ್ಲಿ. ಆ ಎರಡು ಚಿತ್ರಗಳನ್ನೂ ನಿರ್ಮಿಸಿದ್ದು ಅವರ ತಾಯಿ ಪಾರ್ವತಮ್ಮನವರು. ಅವರ ಪ್ರತಿಭೆಯನ್ನು ಕಡಿಮೆ ಮಾಡಿ ಈ ಮಾತು ಹೇಳುತ್ತಿಲ್ಲ, ಅವರನ್ನು ನೆನೆಸಿಕೊಂಡರೆ ನನಗೆ ಈಗಲೂ ಕಣ್ಣು ತುಂಬುತ್ತದೆ. ಆದರೆ ಅವರು ಕಳೆದ ಆ ವರ್ಷಗಳ ಹಿಂದೆ ಮನೆಯಲ್ಲೇ ಒಂದು ನಿರ್ಮಾಣ ಸಂಸ್ಥೆಯಿತ್ತು, ನಿಮ್ಮ ಮತ್ತು ನನ್ನ ಹಿಂದೆ ಅದಿಲ್ಲ. ನಮಗೆ ಹೆಚ್ಚು ಹತ್ತಿರದ ಉದಾಹರಣೆ ಮಾಸ್ಟರ್ ಆನಂದ್ ಅವರದು. ‘ಗೌರಿ ಗಣೇಶ’ದ ಆ ಚುರುಕು ಹುಡುಗ ಬೆಳೆದು ಕಿರುತೆರೆಯ ಹಾಸ್ಯ, ನಿರ್ದೇಶನ, ನಿರೂಪಣೆಗಳಲ್ಲಿ ತಮ್ಮದೇ ಜಾಗ ಮಾಡಿಕೊಂಡರು, ‘ಮಾಸ್ಟರ್’ ಎಂಬ ಪದವನ್ನು ಹೆಸರಿನಿಂದ ತೆಗೆಯದೆ ಅದನ್ನೇ ಗೌರವವಾಗಿ ಉಳಿಸಿಕೊಂಡರು. ಬೇರೆ ಭಾಷೆಗೆ ಹೋದರೆ, 1960ರಲ್ಲಿ ಐದಾರು ವರ್ಷದ ಬಾಲಕನಾಗಿ ತೆರೆಗೆ ಬಂದ ಕಮಲ್ ಹಾಸನ್ ಮುಂದೆ ತಾವೇ ನಿರ್ಮಾಪಕರಾದರು, ನಾಯಕರಾಗಿದ್ದೂ ಹಾಸ್ಯವನ್ನು ಬಿಡಲಿಲ್ಲ. ನಮ್ಮ ಬೆಂಗಳೂರಿನಲ್ಲೇ ತಯಾರಾದ ‘ಪುಷ್ಪಕ ವಿಮಾನ’ದಲ್ಲಿ ಒಂದೇ ಒಂದು ಮಾತಿಲ್ಲದೆ ಅವರು ನಗಿಸಿದ್ದನ್ನು ನೋಡಿದ ಮೇಲೂ ಹಾಸ್ಯ ಒಂದು ಮೆಟ್ಟಿಲು ಕೆಳಗಿನದು ಎಂದು ನಿಮಗೆ ಯಾರು ಹೇಳಿಕೊಟ್ಟರೋ ತಿಳಿಯದು. ನಿಮ್ಮ ಪ್ರಶ್ನೆಯ ಆ ಭಾಗವನ್ನು ನಾನು ಒಪ್ಪುವುದಿಲ್ಲ.

ನನಗೆ ಹಾಸ್ಯ ಸಿಕ್ಕಿದ್ದು ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ. ಹಾಡಿನ ನಡುವೆ ವಾದ್ಯದವರು ಶ್ರುತಿ ಮಾಡಿಕೊಳ್ಳುವಷ್ಟು ಹೊತ್ತು ಜನರನ್ನು ಹಿಡಿದಿಡುವುದು ನನ್ನ ಕೆಲಸವಾಗಿತ್ತು, ರಾತ್ರಿಗೆ ಮುನ್ನೂರು ರೂಪಾಯಿ ಮತ್ತು ಊಟ. ನಗೆ ಏರುತ್ತಿರುವಾಗ ಮಾತನಾಡಿದರೆ ಮಾತು ಮುಳುಗುತ್ತದೆ, ಪೂರ್ತಿ ಇಳಿದ ಮೇಲೆ ಮಾತನಾಡಿದರೆ ಸಭೆ ತಣ್ಣಗಾಗಿರುತ್ತದೆ. ಅದು ಇಳಿಯಲು ತೊಡಗಿದ ಕ್ಷಣದಲ್ಲಿ ಮುಂದಿನ ಮಾತು ಹೊರಡಬೇಕು. ಇದನ್ನು ಕಲಿಯಲು ನನಗೆ ಮೂರು ಗಣೇಶ ಹಬ್ಬ ಬೇಕಾದವು. ಶೂಟಿಂಗ್‌ನಲ್ಲಿ ಯಾರೂ ನಗುವುದಿಲ್ಲ, ನಗಬಾರದು ಕೂಡ. ಅಲ್ಲಿ ಆ ನಗೆಯನ್ನು ಮನಸ್ಸಿನಲ್ಲೇ ಕೇಳಿಸಿಕೊಂಡು ಅಷ್ಟೇ ಅಂತರ ಬಿಡಬೇಕು. ಬಾಲನಟರಿಗೆ ಇದು ಬೇಗ ಒಲಿಯುತ್ತದೆ, ಏಕೆಂದರೆ ಎದುರಿನವರ ಮಾತು ಮುಗಿಯುವವರೆಗೆ ಕಾಯುವುದನ್ನು ನಾವು ಅಕ್ಷರ ಕಲಿಯುವ ವಯಸ್ಸಿನಲ್ಲೇ ಕಲಿತಿರುತ್ತೇವೆ. ಹೀಗೆ ಧಾರಾವಾಹಿಗಳಲ್ಲಿ ನಾಯಕನ ಗೆಳೆಯನಾಗಿ, ಹಾಸ್ಯ ಕಾರ್ಯಕ್ರಮಗಳಲ್ಲಿ ಪ್ರಹಸನಗಳ ನಟನಾಗಿ ಹನ್ನೆರಡು ವರ್ಷ ನೆಮ್ಮದಿಯಿಂದ ಕೆಲಸ ಮಾಡಿದೆ.

2014ರಲ್ಲಿ ನಿರ್ಮಾಪಕನಾದೆ. ನನ್ನ ಉಳಿತಾಯ, ಹೆಂಡತಿಯ ಒಡವೆ, ಇಬ್ಬರು ಸ್ನೇಹಿತರ ಪಾಲು ಸೇರಿ 62 ಲಕ್ಷದಲ್ಲಿ ಒಂದು ಹಾಸ್ಯ ಚಿತ್ರ ಮುಗಿಯಿತು. ಆದರೆ ಚಿತ್ರ ಮುಗಿಯುವುದು ಬೇರೆ, ತೆರೆಗೆ ಬರುವುದು ಬೇರೆ. ಚಿತ್ರಮಂದಿರಗಳ ವಾರದ ಬಾಡಿಗೆ, ಡಿಜಿಟಲ್ ಪ್ರೊಜೆಕ್ಷನ್‌ಗೆ ಕಟ್ಟಬೇಕಾದ ಶುಲ್ಕ, ಪೋಸ್ಟರು, ಪತ್ರಿಕಾ ಜಾಹೀರಾತು ಎಲ್ಲ ಸೇರಿ ಬಿಡುಗಡೆಗೆ ಇನ್ನೂ ಎಂಟು ಲಕ್ಷ ಬೇಕಿತ್ತು, ನನ್ನ ಬಳಿ ಎಂಬತ್ತು ಸಾವಿರವೂ ಇರಲಿಲ್ಲ. ಆಗ ಹಕ್ಕುಗಳ ವ್ಯಾಪಾರ ಮಾಡುವ ಹಿರಿಯರೊಬ್ಬರು ಒಂಬತ್ತು ಲಕ್ಷ ಕೊಡುವುದಾಗಿ ಮುಂದೆ ಬಂದರು. ನಾನು ಮಗುವಾಗಿದ್ದಾಗ ಶೂಟಿಂಗಿನಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗುತ್ತಿದ್ದವರು ಅವರು, ನನಗೆಂದು ಮನೆಯಿಂದ ಚಕ್ಕುಲಿ ತರುತ್ತಿದ್ದರು.

ಸಹಿ ಹಾಕಿದ್ದು ಧ್ವನಿ ಮಿಶ್ರಣ ನಡೆಯುತ್ತಿದ್ದ ಸ್ಟುಡಿಯೋದ ಹೊರಗಿನ ಬೆಂಚಿನ ಮೇಲೆ, ರಾತ್ರಿ ಹತ್ತೂವರೆಗೆ. ಛಾಪಾ ಕಾಗದದ ಹಿಂದೆ ಐದು ಹಾಳೆಗಳಿದ್ದವು, ಎಲ್ಲವೂ ಇಂಗ್ಲಿಷಿನಲ್ಲಿ. ಮೂರನೆಯ ಹಾಳೆಯಲ್ಲಿ ಚುಕ್ಕಿಗಳಿದ್ದ ಒಂದು ಖಾಲಿ ಜಾಗವಿತ್ತು. ಅವರು ನನ್ನ ಕಣ್ಣೆದುರೇ ನೀಲಿ ಪೆನ್ನಿನಿಂದ ಅಲ್ಲಿ 99 ಎಂದು ಬರೆದು, ಎಲ್ಲರೂ ಹಾಗೇ ಬರೆಯುತ್ತಾರೆ ಎಂದರು. ನಾನು ಮೊತ್ತವನ್ನೂ ದಿನಾಂಕವನ್ನೂ ಮಾತ್ರ ನೋಡಿ ಎಲ್ಲ ಹಾಳೆಗೂ ಸಹಿ ಹಾಕಿದೆ. ನಾನು ಮಾರುತ್ತಿರುವುದು ಟಿವಿ ಹಕ್ಕು ಎಂದೇ ತಿಳಿದಿದ್ದೆ.

ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಈ ತಪ್ಪಿನ ಒಳಗು ಅರ್ಥವಾಗಲು ನನಗೇ ಐದು ವರ್ಷ ಹಿಡಿಯಿತು. ಆ ಹಾಳೆಗಳಲ್ಲಿ ಉಪಗ್ರಹ ಪ್ರಸಾರ, ಇಂಟರ್ನೆಟ್, ಡಬ್ಬಿಂಗ್, ರೀಮೇಕ್, ಚಿತ್ರದ ಬಿಡಿ ದೃಶ್ಯಗಳು ಮತ್ತು ಮುಂದೆ ಕಂಡುಹಿಡಿಯಲಾಗುವ ಎಲ್ಲ ಮಾಧ್ಯಮಗಳು ಎಂದು ಒಂದೇ ವಾಕ್ಯದಲ್ಲಿ ಬರೆದಿತ್ತು. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಸಹಿ ಹಾಕುವ ಕಾಲಕ್ಕೆ ಇಲ್ಲದ ಮಾಧ್ಯಮವನ್ನು ಪತ್ರದಲ್ಲಿ ನಿರ್ದಿಷ್ಟವಾಗಿ ಹೆಸರಿಸದಿದ್ದರೆ ಆ ಹಕ್ಕು ಕೈಬದಲಾಗುವುದಿಲ್ಲ. ನನಗೆ ಆ ರಕ್ಷಣೆ ಸಿಗಲಿಲ್ಲ, ಏಕೆಂದರೆ ಇಂಟರ್ನೆಟ್ ಆಗಲೇ ಇತ್ತು, ಪತ್ರದಲ್ಲಿ ಅದರ ಹೆಸರೂ ಇತ್ತು. ಇನ್ನು ಆ ಸಂಖ್ಯೆಯ ವಿಚಾರ. ಚಲನಚಿತ್ರದ ಕೃತಿಸ್ವಾಮ್ಯವೇ ಬಿಡುಗಡೆಯ ಮುಂದಿನ ವರ್ಷದಿಂದ 60 ವರ್ಷ ಮಾತ್ರ ಇರುತ್ತದೆ. ಅಂದರೆ ಹಕ್ಕಿನ ಅವಧಿ 99 ವರ್ಷ ಎಂದು ಬರೆದಾಗ ನಾನು ಕೊಟ್ಟದ್ದು ಚಿತ್ರದ ಇಡೀ ಆಯುಷ್ಯವನ್ನು. ಅದೇ ಕಾಯ್ದೆಯ 19ನೆಯ ಕಲಮಿನಲ್ಲಿ ಇನ್ನೊಂದು ಮಾತಿದೆ: ಹಕ್ಕು ವರ್ಗಾವಣೆಯ ಅವಧಿಯನ್ನು ನಮೂದಿಸದಿದ್ದರೆ ಅದು ಐದು ವರ್ಷ ಎಂದೇ ಭಾವಿಸಬೇಕು. ಆ ಚುಕ್ಕಿಗಳ ಮೇಲೆ ಯಾರೂ ಏನನ್ನೂ ಬರೆಯದೆ ಬಿಟ್ಟಿದ್ದರೆ, 2019ರಲ್ಲಿ ನನ್ನ ಚಿತ್ರ ನನಗೆ ಮರಳಿ ಬರುತ್ತಿತ್ತು ಎಂದು ವಕೀಲರು ಹೇಳಿದ ದಿನ ನಾನು ಅವರ ಕಚೇರಿಯ ಮೆಟ್ಟಿಲ ಮೇಲೆ ಬಹಳ ಹೊತ್ತು ಕುಳಿತಿದ್ದೆ.

ಚಿತ್ರ ಎರಡು ವಾರ ಓಡಿ ನಿಂತಿತು. ನಿಜವಾದ ನಷ್ಟ ಆಮೇಲೆ ಕಾಣಿಸಿತು. ಅದರಲ್ಲಿ ಪಡಿತರ ಅಂಗಡಿಯ ಸಾಲಿನಲ್ಲಿ ನಡೆಯುವ ನಾಲ್ಕು ನಿಮಿಷದ ಒಂದು ದೃಶ್ಯವಿತ್ತು, ಬರೆದವನೂ ನಟಿಸಿದವನೂ ನಾನೇ. 2017ರ ಹೊತ್ತಿಗೆ ಊರೂರಿನಲ್ಲಿ ಎಲ್ಲರ ಕೈಗೂ ಅಗ್ಗದ ಇಂಟರ್ನೆಟ್ ಬಂದಾಗ ಆ ದೃಶ್ಯ ಫೋನಿನಿಂದ ಫೋನಿಗೆ ಹರಡಿತು, ಯೂಟ್ಯೂಬಿನಲ್ಲಿ ಅದನ್ನು ನೋಡಿದವರ ಸಂಖ್ಯೆ ಕೋಟಿ ದಾಟಿತು. ಸಿನಿಮಾ ಇಡಿಯಾಗಿ ಉಳಿಯಬೇಕಾಗಿಲ್ಲ, ಹಾಸ್ಯ ತುಣುಕಾಗಿಯೂ ಬದುಕುತ್ತದೆ; ಹಾಸ್ಯನಟನ ಆಸ್ತಿ ಇರುವುದೇ ಆ ತುಣುಕುಗಳಲ್ಲಿ. ನಾನು ಅದೇ ದೃಶ್ಯವನ್ನು ನನ್ನ ಪುಟದಲ್ಲಿ ಹಾಕಿದ ಎರಡನೆಯ ದಿನ, ಕೃತಿಸ್ವಾಮ್ಯದ ಉಲ್ಲಂಘನೆಯಾಗಿದೆ ಎಂಬ ನೋಟಿಸು ಬಂದು ಅದನ್ನು ತೆಗೆದುಹಾಕಲಾಯಿತು. ನನ್ನ ಮುಖ, ನನ್ನ ಮಾತು, ಈ ಬಾರಿ ನನ್ನದೇ ಧ್ವನಿ ಕೂಡ, ಆದರೂ ಅದು ನನ್ನದಾಗಿರಲಿಲ್ಲ.

ಓದದೆ ಸಹಿ ಹಾಕಿದ್ದೇಕೆ ಎಂದು ಹಲವರು ಕೇಳಿದ್ದಾರೆ. ಹಣದ ತುರ್ತು ಒಂದು ಕಾರಣ, ಆದರೆ ದೊಡ್ಡ ಕಾರಣ ಅದಲ್ಲ. ಹೆಗಲ ಮೇಲೆ ಹೊತ್ತು ತಿರುಗಿಸಿದವರ ಎದುರು ಕುಳಿತು ಹಾಳೆಗಳನ್ನು ಒಂದೊಂದಾಗಿ ಓದಿದರೆ ಅವರನ್ನು ನಂಬಲಿಲ್ಲ ಎಂದಾಗುತ್ತದೆ ಎಂದು ನನಗೆ ನಾಚಿಕೆಯಾಯಿತು. ಮೂವತ್ತನಾಲ್ಕು ವರ್ಷದ ನಾನು ಅವರ ಪಾಲಿಗೆ ಇನ್ನೂ ‘ನಮ್ಮ ಹುಡುಗ’ನೇ ಆಗಿದ್ದೆ, ನನಗೂ ಹಾಗಿರುವುದು ಹಿತವಾಗಿತ್ತು. ಬಾಲನಟರಾದ ನಮಗೆ ಬೆಳಕು, ಅಂತರ, ಅಳು, ನಗು ಎಲ್ಲವನ್ನೂ ಕಲಿಸುತ್ತಾರೆ, ಕಾಗದವನ್ನು ಮಾತ್ರ ತೋರಿಸುವುದಿಲ್ಲ. ಅಪ್ಪ ವೋಚರಿಗೆ ಸಹಿ ಹಾಕುವಾಗ ನಿದ್ದೆ ಹೋಗಿದ್ದ ಮಗು ಆ ಬೆಂಚಿನ ಮೇಲೂ ಎಚ್ಚರವಾಗಿರಲಿಲ್ಲ.

ಈ ಅನುಭವದ ನಂತರ ನನ್ನಂಥವರ ಜೀವನಗಳನ್ನು ಹುಡುಕಿ ಓದತೊಡಗಿದೆ. ಅಮೆರಿಕದ ಬಸ್ಟರ್ ಕೀಟನ್ ತಂದೆತಾಯಿಯ ಜೊತೆ ಚಿಕ್ಕ ಮಗುವಾಗಿದ್ದಾಗಲೇ ವೇದಿಕೆಗೆ ಬಂದವರು. ಅಪ್ಪ ಮಗನನ್ನು ಎತ್ತಿ ಎಸೆಯುವುದೇ ಅವರ ಕಾರ್ಯಕ್ರಮದ ಆಕರ್ಷಣೆಯಾಗಿತ್ತು. 1920ರ ದಶಕದಲ್ಲಿ ಅವರು ತಮ್ಮದೇ ತಂಡದೊಡನೆ ಮಾಡಿದ ಮೂಕಿ ಹಾಸ್ಯ ಚಿತ್ರಗಳನ್ನು ಜಗತ್ತು ಇಂದಿಗೂ ನೋಡುತ್ತದೆ. 1928ರಲ್ಲಿ ಅವರು ಎಂಜಿಎಂ ಸ್ಟುಡಿಯೋದ ಕರಾರಿಗೆ ಸಹಿ ಹಾಕಿದರು, ತಮ್ಮ ರೀತಿಯಲ್ಲಿ ಚಿತ್ರ ಮಾಡುವ ಸ್ವಾತಂತ್ರ್ಯ ಕಳೆದುಕೊಂಡರು, 1933ರಲ್ಲಿ ಕೆಲಸವೂ ಹೋಯಿತು. ಆ ಸಹಿಯೇ ತಮ್ಮ ಬದುಕಿನ ದೊಡ್ಡ ತಪ್ಪೆಂದು ಮುಂದೆ ಅವರೇ ಹೇಳಿಕೊಂಡರು. ಅದೇ ಕಾಲದ ಚಾರ್ಲಿ ಚಾಪ್ಲಿನ್ ಕೂಡ ಬಾಲಕನಾಗಿ ನೃತ್ಯ ತಂಡದಲ್ಲಿ ಕುಣಿದು ಬೆಳೆದವರು. ಅವರು 1919ರಲ್ಲಿ ಮೂವರು ಜೊತೆಗಾರರೊಂದಿಗೆ ಯುನೈಟೆಡ್ ಆರ್ಟಿಸ್ಟ್ಸ್ ಸಂಸ್ಥೆ ಕಟ್ಟಿದರು, ಚಿತ್ರಗಳ ಒಡೆತನವನ್ನು ಕೈಬಿಡಲಿಲ್ಲ. 1925ರ ‘ದಿ ಗೋಲ್ಡ್ ರಶ್’ ಚಿತ್ರವನ್ನು 1942ರಲ್ಲಿ ತಮ್ಮದೇ ಧ್ವನಿಯ ನಿರೂಪಣೆ ಸೇರಿಸಿ ಮತ್ತೆ ತೆರೆಗೆ ತರಲು ಅವರಿಗೆ ಸಾಧ್ಯವಾದದ್ದು ಆ ಚಿತ್ರ ಅವರದೇ ಆಗಿದ್ದರಿಂದ. ಪ್ರತಿಭೆಯಲ್ಲಿ ಇಬ್ಬರೂ ಸರಿಸಮಾನರು ಎಂದೇ ನನ್ನ ಎಣಿಕೆ.

ಹಾಗಾಗಿ ನಿಮಗೆ ಬಂದಿರುವ ಹಾಸ್ಯ ಪಾತ್ರವನ್ನು ಒಪ್ಪಿಕೊಳ್ಳಿ, ಇನ್ನೊಂದು ವಾರವೂ ಕಾಯಿಸಬೇಡಿ. ಕರಾರು ಪತ್ರವನ್ನು ಮಾತ್ರ ಮನೆಗೆ ತಂದು, ಅರ್ಥವಾಗದ ಪ್ರತಿ ಪದಕ್ಕೂ ವಕೀಲರಿಂದ ಅರ್ಥ ಕೇಳಿ. ಅವರಿಗೆ ಕೊಡುವ ಎರಡು ಮೂರು ಸಾವಿರವನ್ನು ಖರ್ಚೆಂದು ಎಣಿಸಬೇಡಿ. ನಿರ್ಮಾಣಕ್ಕಾಗಿ ಸೈಟು ಮಾರುವುದು ಈಗ ಖಂಡಿತ ಬೇಡ. ಚಿತ್ರ ನಿರ್ಮಿಸುವ ಆಸೆಯಿದ್ದರೆ ಮೊದಲು ಹತ್ತು ನಿಮಿಷದ ಪ್ರಹಸನಗಳನ್ನು ಸ್ವಂತ ಖರ್ಚಿನಲ್ಲಿ ಮಾಡಿ, ಅವುಗಳ ಹಕ್ಕು ನಿಮ್ಮ ಹೆಸರಿನಲ್ಲೇ ಇರಲಿ. ಪುನೀತ್ ಅವರಿಂದ ಕಲಿಯಬೇಕಾದದ್ದು ನನ್ನ ಪ್ರಕಾರ ಇನ್ನೊಂದಿದೆ: ತಮ್ಮ ಪಿಆರ್‌ಕೆ ಸಂಸ್ಥೆಯಿಂದ ‘ಕವಲುದಾರಿ’ ನಿರ್ಮಿಸಿದಾಗ ನಾಯಕನ ಪಾತ್ರವನ್ನು ಅವರು ಬೇರೆಯವರಿಗೆ ಕೊಟ್ಟರು. ನಾನು ನನ್ನ ಚಿತ್ರದಲ್ಲಿ ಮುಖ್ಯ ಪಾತ್ರವನ್ನೂ ನಾನೇ ಹಿಡಿದುಕೊಂಡಿದ್ದರಿಂದ ಲೆಕ್ಕಪತ್ರ ನೋಡಲು ಯಾರೂ ಉಳಿದಿರಲಿಲ್ಲ.

ಇನ್ನೊಂದು ಕೆಲಸವನ್ನು ಈ ವಾರವೇ ಮಾಡಿ. ಬಾಲಕಾರ್ಮಿಕ ಕಾಯ್ದೆಯಡಿ 2017ರಲ್ಲಿ ಬಂದ ನಿಯಮಗಳ ಪ್ರಕಾರ, ಬಾಲಕಲಾವಿದರ ಗಳಿಕೆಯ ಕನಿಷ್ಠ 20 ಶೇಕಡವನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿನಲ್ಲೇ ನಿಶ್ಚಿತ ಠೇವಣಿಯಾಗಿ ಇಡಬೇಕು, ಪ್ರಾಪ್ತ ವಯಸ್ಸಿಗೆ ಬಂದ ಮೇಲೆ ಅದು ಆ ವ್ಯಕ್ತಿಗೇ ಸೇರುತ್ತದೆ. ನನ್ನ ಕಾಲದಲ್ಲಿ ಇಂಥದ್ದಿರಲಿಲ್ಲ. ನೀವು ಹದಿನಾಲ್ಕು ತುಂಬುವ ಮೊದಲು ಮಾಡಿದ ಕೊನೆಯ ಕೆಲಸಗಳು ಈ ನಿಯಮ ಬಂದ ಮೇಲಿನವಾಗಿದ್ದರೆ ನಿಮ್ಮ ಹೆಸರಿನಲ್ಲಿ ಠೇವಣಿ ಇರಬೇಕು. ಅಪ್ಪನ ಜೊತೆ ಕುಳಿತು, ಅವರನ್ನು ಅನುಮಾನಿಸುವ ದನಿಯಿಲ್ಲದೆ, ಬೀರುವಿನಲ್ಲಿರುವ ಹಳೆಯ ಕಾಗದಗಳನ್ನೆಲ್ಲ ಹೊರಗೆ ತೆಗೆಸಿ. ನನ್ನ ಅಪ್ಪ ತೀರಿಕೊಂಡ ಮೇಲೆ ಅವರ ಕಬ್ಬಿಣದ ಪೆಟ್ಟಿಗೆಯಲ್ಲಿ ನನಗೆ ಸಿಕ್ಕಿದ್ದು ಎರಡು ವೋಚರುಗಳ ನಕಲು ಮಾತ್ರ. ಉಳಿದ ಹದಿನಾಲ್ಕು ಚಿತ್ರಗಳಿಗೆ ಯಾವ ಷರತ್ತಿಗೆ ಒಪ್ಪಿದ್ದರು ಎಂದು ಕೇಳಲು ಆಗ ಅವರಿರಲಿಲ್ಲ.