ಮಕ್ಕಳ ವಾರ್ಡಿನಲ್ಲಿ ಸಂಶೋಧನೆಗೆ ಸಹಿ ಕೇಳಿದರೆ, ಮಗುವಿನ ಮೇಲೆ ಪ್ರಯೋಗ ಮಾಡುತ್ತಾರಾ?

ಬಹುತೇಕ ಸಲ ಇಲ್ಲ. ಕಾರವಾರದಲ್ಲಾಗಲಿ, ಬೇರೆಡೆಯಾಗಲಿ, ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮಗುವಿಗೆ ಎಂದಿನ ಚಿಕಿತ್ಸೆಯನ್ನೇ ಕೊಡುತ್ತಾರೆ. ಜ್ವರ ಎಷ್ಟು ದಿನ ಇತ್ತು, ರಕ್ತ ಪರೀಕ್ಷೆಯಲ್ಲಿ ಏನು ಬಂತು ಎಂದು ಬರೆದಿಟ್ಟುಕೊಳ್ಳಲು ಒಪ್ಪಿಗೆ ಕೇಳುತ್ತಾರೆ, ಅಷ್ಟೇ. ಎಂ.ಡಿ. ಓದುವ ಡಾಕ್ಟರು ಇಂಥ ಒಂದು ಅಧ್ಯಯನ ಮಾಡಲೇಬೇಕು.

ಇದು ಯಾಕೆ ಬೇಕು? ಔಷಧವನ್ನು ಒಡೆದು ಹೊರಹಾಕುವ ಲಿವರ್, ಕಿಡ್ನಿ ಹಸುಗೂಸಿನಲ್ಲಿ ಇನ್ನೂ ಬಲಿತಿರುವುದಿಲ್ಲ. ದೊಡ್ಡವರ ಡೋಸನ್ನು ಸುಮ್ನೆ ಅರ್ಧ ಮಾಡಿ ಕೊಟ್ಟರೆ ಆಗುವುದಿಲ್ಲ. ಕಾಯಿಲೆ ತೋರಿಸಿಕೊಳ್ಳುವ ರೀತಿಯೂ ಬೇರೆ. ಹಾಗಾಗಿ ಮಕ್ಕಳ ಬಗೆಗಿನ ತಿಳಿವಳಿಕೆ ಮಕ್ಕಳಿಂದಲೇ ಸಿಗಬೇಕು. ನಮ್ಮ ಉತ್ತರ ಕನ್ನಡ ಜಿಲ್ಲೆಗಂತೂ ಇದು ಜಾಸ್ತಿ ಮುಖ್ಯ. ಸಿದ್ದಾಪುರದ ಕಾಡಿನಲ್ಲಿ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ, ಮಳೆಗಾಲದ ಇಲಿ ಜ್ವರ, ಡೆಂಗ್ಯೂ, ಇವೆಲ್ಲ ಮೊದಮೊದಲು ಒಂದೇ ಥರ ಕಾಣುತ್ತವೆ. ಇಲ್ಲಿನ ಮಕ್ಕಳಲ್ಲಿ ಅವು ಹೇಗೆ ಶುರುವಾಗುತ್ತವೆ ಎಂಬ ದಾಖಲೆ ಇದ್ದರೆ ಮುಂದಿನ ಮಗುವಿಗೆ ಬೇಗ ಪತ್ತೆಯಾಗುತ್ತದೆ.

ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) 2017ರ ಮಾರ್ಗಸೂಚಿಯ ಪ್ರಕಾರ ನೈತಿಕ ಸಮಿತಿ, ಅಂದರೆ ಅಧ್ಯಯನ ಸರಿಯಿದೆಯಾ ಎಂದು ಮೊದಲೇ ನೋಡುವ ತಂಡ, ಒಪ್ಪಿರಬೇಕು. ಅಪ್ಪ ಅಮ್ಮನ ಒಪ್ಪಿಗೆ ಬೇಕು. 7 ವರ್ಷ ದಾಟಿದ ಮಗುವನ್ನೂ ಕೇಳಬೇಕು. ಇದು ನನಗೆ ತುಂಬಾ ಸರಿಯೆನಿಸುವ ನಿಯಮ.

ನೀವು ಬೇಡ ಅನ್ನಬಹುದು, ಅದರಿಂದ ಚಿಕಿತ್ಸೆ ಕಡಿಮೆ ಆಗಬಾರದು. ಒಪ್ಪುವ ಮುಂಚೆ ಕನ್ನಡದ ಹಾಳೆ ಕೇಳಿ ಓದಿ. ಹೊಸ ಔಷಧ ಇದೆಯಾ, ಇದಕ್ಕೆಂದೇ ಹೆಚ್ಚು ರಕ್ತ ತೆಗೆಯುತ್ತೀರಾ, ಮಗುವಿನ ಹೆಸರು ಹೊರಗೆ ಹೋಗುತ್ತದೆಯಾ ಎಂದು ಸಂಕೋಚವಿಲ್ಲದೆ ಕೇಳಿ.